ಪೊಟ್ಟಣದ ಮೇಲಿನ ಬರಹ

ವಿದ್ಯಾರ್ಥಿಗಳು ಶಾಲೆಯಲ್ಲಿ ಗದ್ಯವನ್ನೂ ಪದ್ಯವನ್ನೂ ಓದಲು ಕಲಿಯುತ್ತಾರೆ. ಅದಕ್ಕಾಗಿ ಪರೀಕ್ಷೆಯಲ್ಲಿ ಅಂಕಗಳೂ ದೊರೆಯುತ್ತವೆ. ಆದರೆ ಅದೇ ವಿದ್ಯಾರ್ಥಿಯ ಕೈಗೆ ದಿನಕ್ಕೆ ಹತ್ತು ಬಾರಿ ಬರುವ, ಯಾವ ಪಠ್ಯಪುಸ್ತಕದಲ್ಲಿಯೂ ಸೇರದ ಒಂದು ಬರಹವುಂಟು. ಬಿಸ್ಕತ್ತು, ಸಾಬೂನು, ಎಣ್ಣೆ, ಚಹಾಪುಡಿ, ಗುಳಿಗೆ ಮುಂತಾದವುಗಳ ಪೊಟ್ಟಣದ ಹಿಂಬದಿಯಲ್ಲಿ ಎಳ್ಳುಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಬರಹವದು. ಅದನ್ನು ಓದುವವರು ವಿರಳ. ಓದದಿದ್ದರೆ ಆಗುವ ನಷ್ಟವು ಕೆಲವೊಮ್ಮೆ ಒಂದೆರಡು ರೂಪಾಯಿ, ಕೆಲವೊಮ್ಮೆ ಆರೋಗ್ಯ, ಅಪರೂಪಕ್ಕೊಮ್ಮೆ ಪ್ರಾಣ. ಈ ಬರಹವು ಹೇಗೆ ಬಂದಿತು, ಅದರಲ್ಲಿ ಏನಿದೆ, ಅದು ಯಾರ ಭಾಷೆಯಲ್ಲಿದೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ನಮ್ಮ ಅಜ್ಜಂದಿರ ಕಾಲದ ಜಿನಸಿನ ಅಂಗಡಿಯಲ್ಲಿ ಪೊಟ್ಟಣವೆಂದರೆ ಹಳೆಯ ಕಾಗದದಲ್ಲಿ ಸಾಮಾನು ಸುತ್ತಿ ನೂಲು ಬಿಗಿದ ಕಟ್ಟು. ಅಕ್ಕಿಯನ್ನು ಅಂಗೈಯಲ್ಲಿ ಹಾಕಿ ನೋಡುತ್ತಿದ್ದರು, ಬೇಳೆಯನ್ನು ಹಲ್ಲಿನಲ್ಲಿ ಕಡಿದು ನೋಡುತ್ತಿದ್ದರು, ಎಣ್ಣೆಯನ್ನು ಮೂಸುತ್ತಿದ್ದರು, ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವ ತನಕ ಅದರ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ. ಆಗಲೂ ಮೋಸವಿತ್ತು. ತಕ್ಕಡಿಯ ತಟ್ಟೆಯ ಅಡಿಗೆ ಹುಣಿಸೆಹಣ್ಣು ಅಂಟಿಸುವ ವಿದ್ಯೆ ಹೊಸದೇನಲ್ಲ. ಆದರೆ ಕೊಳ್ಳುವವನ ಕಣ್ಣು, ಮೂಗು, ನಾಲಗೆಗಳಿಗೆ ಅಲ್ಲಿ ಕೆಲಸವಿತ್ತು. ಮುಚ್ಚಿದ ಪೊಟ್ಟಣ ಬಂದ ಮೇಲೆ ಆ ಮೂರಕ್ಕೂ ಕೆಲಸ ತಪ್ಪಿತು. ಒಳಗೆ ಏನಿದೆ, ಎಷ್ಟಿದೆ, ಎಂದಿನದು ಎಂಬುದು ತುಂಬಿದವನಿಗೆ ಮಾತ್ರ ಗೊತ್ತು. ಆದುದರಿಂದ ಕಾಯಿದೆಯು ಅವನಿಗೆ ಒಂದು ಕಟ್ಟು ಹಾಕಿತು: ಕೊಳ್ಳುವವನಿಗೆ ಕಾಣಿಸದೆ ಇರುವುದನ್ನು ನೀನು ಬರೆದು ತಿಳಿಸತಕ್ಕದ್ದು. ಪೊಟ್ಟಣದ ಮೇಲಿನ ಬರಹದ ಮೂಲವಿದು. ಮುಂಬದಿಯ ಬಣ್ಣದ ಚಿತ್ರ ಮಾರುವವನ ಮಾತು. ಹಿಂಬದಿಯ ಸಣ್ಣ ಅಕ್ಷರ ಅವನು ಕಾಯಿದೆಗೆ ಬದ್ಧನಾಗಿ ಕೊಡುವ ಹೇಳಿಕೆ.

ಅಳತೆಯ ಸಂಗತಿಯನ್ನು ಮೊದಲು ನೋಡೋಣ. ಗಡಿನಾಡಿನ ನಮಗೆ ಇದರಲ್ಲಿ ವಿಶೇಷವಾದ ಒಂದು ನೆನಪುಂಟು. ಕಾಸರಗೋಡಿನ ಕಡೆ ಮುಡಿ, ಕಳಸೆ, ಸೇರು. ಸೊಲ್ಲಾಪುರ, ಜತ್ತಗಳ ಕಡೆ ಪಾಯಲಿ, ಶೇರು. ಮಡಕಶಿರದ ಕಡೆ ಸೇರು, ಪಾವು, ಕೊಳಗ, ಖಂಡುಗ. ಹೆಸರು ಒಂದೇ ಇದ್ದರೂ ಊರಿಂದೂರಿಗೆ ಪ್ರಮಾಣ ಬೇರೆ. ಒಂದು ಸೀಮೆಯ ಸೇರು ಇನ್ನೊಂದು ಸೀಮೆಯಲ್ಲಿ ಸೇರಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿಗಳು ಹೊಸದಾಗಿ ರೂಪುಗೊಂಡು ನಾವು ನಾವಿರುವ ರಾಜ್ಯಗಳಿಗೆ ಸೇರಿದೆವಷ್ಟೆ. ಅದೇ ವರ್ಷದ ಡಿಸೆಂಬರಿನಲ್ಲಿ ತೂಕ ಮತ್ತು ಅಳತೆಗಳ ಕಾಯಿದೆಯೂ ಆಯಿತು. ಗಡಿ ಬೇರೆ ಮಾಡಿದ ವರ್ಷವೇ ತಕ್ಕಡಿಯನ್ನು ಒಂದು ಮಾಡಿತೆನ್ನಬಹುದು. 1957ರ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರಾಣೆ ಹೋಗಿ ನೂರು ನಯೇ ಪೈಸೆ ಬಂದವು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಂ, ಮೀಟರ್, ಲೀಟರುಗಳು ಬಂದವು. ಎಂಭತ್ತು ತೊಲೆಯ ಸೇರಿಗೆ 933 ಗ್ರಾಂ ಎಂದು ಲೆಕ್ಕ ಹಾಕುವಾಗ ಹಿರಿಯರು ತಲೆ ಕೆರೆದುಕೊಂಡಿರಬೇಕು. ಆದರೂ ಆ ಬದಲಾವಣೆಯಿಂದಲೇ ಇಂದು ತಾಳವಾಡಿಯ ಒಂದು ಕಿಲೋ ಅಕ್ಕಲಕೋಟೆಯಲ್ಲಿಯೂ ಒಂದು ಕಿಲೋ.

ಈಗ ಜಾರಿಯಲ್ಲಿರುವುದು 2009ರ ಕಾನೂನುಬದ್ಧ ಮಾಪನ ಕಾಯಿದೆ, ಮತ್ತು ಅದರ ಅಡಿಯಲ್ಲಿ 2011ರಲ್ಲಿ ಬಂದ ಪೊಟ್ಟಣ ಸಾಮಗ್ರಿಗಳ ನಿಯಮಗಳು. ಇವುಗಳ ಪ್ರಕಾರ ತಯಾರಿಸಿದವನ ಅಥವಾ ತುಂಬಿದವನ ಹೆಸರು ಮತ್ತು ವಿಳಾಸ, ವಸ್ತುವಿನ ಸಾಮಾನ್ಯ ಹೆಸರು, ನಿವ್ವಳ ಪ್ರಮಾಣ, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಚಿಲ್ಲರೆ ಬೆಲೆ, ದೂರು ಹೇಳಬಹುದಾದ ವಿಳಾಸ ಅಥವಾ ದೂರವಾಣಿ ಇವೆಲ್ಲ ಪೊಟ್ಟಣದ ಮೇಲೆ ಇರತಕ್ಕದ್ದು. ನಿವ್ವಳವೆಂದರೆ ಪೊಟ್ಟಣದ ತೂಕವನ್ನು ಕಳೆದು ಉಳಿಯುವ ವಸ್ತುವಿನ ತೂಕ. ಸಿಹಿತಿಂಡಿಯ ಅಂಗಡಿಯಲ್ಲಿ ರಟ್ಟಿನ ಪೆಟ್ಟಿಗೆಯನ್ನೂ ಸೇರಿಸಿ ತೂಗುವುದುಂಟು. ಆಗ ನಾವು ರಟ್ಟನ್ನು ಮೈಸೂರುಪಾಕಿನ ಬೆಲೆಗೆ ಕೊಂಡಂತಾಯಿತು. ಸಾಬೂನಿನ ಮೇಲೆ ತೂಕದ ಜೊತೆಗೆ ‘ವೆನ್ ಪ್ಯಾಕ್ಡ್’ ಎಂದು ಬರೆದಿರುತ್ತದೆ. ತುಂಬುವಾಗ ಇದ್ದ ತೂಕವೆಂದು ಅದರ ಅರ್ಥ. ಸಾಬೂನಿನಲ್ಲಿರುವ ನೀರು ದಿನಗಳೆದಂತೆ ಆರುವುದರಿಂದ ಕಾಯಿದೆಯೇ ಆ ಮಾತಿಗೆ ಎಡೆ ಕೊಟ್ಟಿದೆ. ಇದು ಮೋಸವಲ್ಲ.

ಬೆಲೆಯ ವಿಷಯದಲ್ಲಿ ಎರಡು ತಪ್ಪು ತಿಳಿವಳಿಕೆಗಳು ಬಹಳ ಬೇರೂರಿವೆ. ಎಂಆರ್‌ಪಿಯನ್ನು ಸರಕಾರವೇ ಗೊತ್ತುಮಾಡುತ್ತದೆಂಬುದು ಒಂದು. ಕೆಲವು ಅವಶ್ಯಕ ಔಷಧಗಳಂತಹ ವಸ್ತುಗಳಿಗೆ ಸರಕಾರವು ಮಿತಿ ಹಾಕುವುದು ನಿಜ. ಉಳಿದ ಬಹುಪಾಲು ವಸ್ತುಗಳಿಗೆ ತಯಾರಿಸುವವನೇ ಬೆಲೆ ಅಚ್ಚು ಹಾಕುತ್ತಾನೆ. ಆದುದರಿಂದ ಅಚ್ಚಾದ ಬೆಲೆ ನ್ಯಾಯವಾದ ಬೆಲೆಯೇ ಆಗಿರಬೇಕೆಂದಿಲ್ಲ. ದೊಡ್ಡ ಬೆಲೆ ಅಚ್ಚು ಹಾಕಿ, ಅದಕ್ಕೆ ಗೆರೆ ಎಳೆದು, ಅರ್ಧಕ್ಕೆ ಕೊಡುತ್ತೇವೆಂದು ಹಿಗ್ಗುವ ವ್ಯಾಪಾರವು ಫೋನಿನ ಅಂಗಡಿಗಳಲ್ಲಿ ದಿನವೂ ನಡೆಯುತ್ತದೆ. ಎರಡನೆಯ ತಪ್ಪು, ಅದೇ ಬೆಲೆಯನ್ನು ಕೊಡಲೇಬೇಕೆಂಬುದು. ಅದು ಗರಿಷ್ಠ, ಕಡಮೆಗೆ ಮಾರಲು ಅಡ್ಡಿಯಿಲ್ಲ, ಹೆಚ್ಚಿಗೆ ಮಾರುವುದು ಅಪರಾಧ. ಹಿಂದೆ ಬೆಲೆಯ ಜೊತೆಗೆ ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂದು ಅಚ್ಚು ಹಾಕಿ, ಅಂಗಡಿಯವನು ಬಾಯಿಗೆ ಬಂದಷ್ಟು ತೆರಿಗೆ ಹೇಳುವುದಿತ್ತು. 1990ರ ತಿದ್ದುಪಡಿಯಿಂದ ಎಲ್ಲ ತೆರಿಗೆಗಳನ್ನೂ ಸೇರಿಸಿದ ಒಂದೇ ಬೆಲೆ ಬಂದಿತು. ಹಾಗಿರುವಲ್ಲಿ ಪಾನೀಯದ ಸೀಸೆಗೆ ‘ತಂಪು ಮಾಡಿದ ಖರ್ಚು’ ಎಂದು ಎರಡು ರೂಪಾಯಿ ಕೇಳುವ ಅಂಗಡಿಗೆ ಅದನ್ನು ಕೇಳುವ ಹಕ್ಕಿಲ್ಲ. ಹೋಟೆಲುಗಳ ಮಾತು ಬೇರೆ. ಅಲ್ಲಿ ಕುಳಿತು ಕುಡಿಯುವವನು ನೀರನ್ನು ಮಾತ್ರವಲ್ಲ, ಸೇವೆಯನ್ನೂ ಪಡೆಯುತ್ತಾನೆಂದು ಸುಪ್ರೀಂ ಕೋರ್ಟು 2017ರ ಡಿಸೆಂಬರಿನಲ್ಲಿ ತೀರ್ಪಿತ್ತಿದೆ.

ಈಗ ಸ್ವಲ್ಪ ಗಣಿತ. ಒಂದು ಅಂಗಡಿಯಲ್ಲಿ ಒಂದೇ ಬಗೆಯ ಬಿಸ್ಕತ್ತಿನ ಎರಡು ಪೊಟ್ಟಣಗಳಿವೆಯೆಂದು ಭಾವಿಸೋಣ. ಚಿಕ್ಕದು 5 ರೂಪಾಯಿಗೆ 40 ಗ್ರಾಂ. ದೊಡ್ಡದು 60 ರೂಪಾಯಿಗೆ 600 ಗ್ರಾಂ. ಚಿಕ್ಕದರಲ್ಲಿ ಗ್ರಾಂಗೆ ಹನ್ನೆರಡೂವರೆ ಪೈಸೆ, ಅಂದರೆ ಕಿಲೋಗೆ 125 ರೂಪಾಯಿ. ದೊಡ್ಡದರಲ್ಲಿ ಗ್ರಾಂಗೆ ಹತ್ತು ಪೈಸೆ, ಕಿಲೋಗೆ 100 ರೂಪಾಯಿ. ದಿನಕ್ಕೊಂದು ಚಿಕ್ಕ ಪೊಟ್ಟಣ ಕೊಳ್ಳುವ ಮನೆಯವರು ಮೂವತ್ತು ದಿನಗಳಲ್ಲಿ 1200 ಗ್ರಾಂಗೆ 150 ರೂಪಾಯಿ ತೆತ್ತರು. ಎರಡು ದೊಡ್ಡ ಪೊಟ್ಟಣ ತಂದವರು ಅಷ್ಟನ್ನೇ 120 ರೂಪಾಯಿಗೆ ಪಡೆದರು. ತಿಂಗಳಿಗೆ 30, ವರ್ಷಕ್ಕೆ 360 ರೂಪಾಯಿಯ ಅಂತರ. ಎರಡು ದೊಡ್ಡ ಪೊಟ್ಟಣ ತಂದ ಮನೆಯಲ್ಲಿ ಅವು ಮೂವತ್ತು ದಿನ ಉಳಿಯುತ್ತವೆಯೋ ಎಂದು ತಾಯಂದಿರು ಕೇಳಿದರೆ ಅದಕ್ಕೆ ಗಣಿತದಲ್ಲಿ ಉತ್ತರವಿಲ್ಲ. ಅದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ದಿನಗೂಲಿಯವನ ಕೈಯಲ್ಲಿ ಸಂಜೆಗೆ ಐದು ರೂಪಾಯಿ ಮಿಗಬಹುದು, ಅರವತ್ತು ಒಟ್ಟಿಗೆ ಮಿಗದು. ಬಡವನು ಕಿಲೋಗೆ ಹೆಚ್ಚು ತೆರುವುದು ಅವನ ಅಜ್ಞಾನದಿಂದಲೇ ಅಲ್ಲ.

ಐದು ರೂಪಾಯಿಯ ಪೊಟ್ಟಣದಲ್ಲಿ ಇನ್ನೊಂದು ಚಮತ್ಕಾರವಿದೆ. ಬೆಲೆ ಏರಿದರೆ ಎಲ್ಲರಿಗೂ ಕಾಣುತ್ತದೆ. ತೂಕ ಇಳಿದರೆ ಯಾರಿಗೂ ಕಾಣದು. ಆದುದರಿಂದ ವರ್ಷಗಳು ಕಳೆದರೂ ಐದು ರೂಪಾಯಿ ಐದಾಗಿಯೇ ನಿಂತು, ಒಳಗಿನ ಗ್ರಾಂಗಳು ಮಾತ್ರ ಒಂದೊಂದಾಗಿ ಕರಗುತ್ತವೆ. ಪೊಟ್ಟಣದ ಮೇಲೆ ಹೊಸ ತೂಕವನ್ನು ಅಚ್ಚು ಹಾಕಿದರೆ ಇದು ಅಪರಾಧವಲ್ಲ. ಮೊದಲು ಬಿಸ್ಕತ್ತು, ಚಹಾ, ಎಣ್ಣೆ ಮುಂತಾದ ಕೆಲವು ವಸ್ತುಗಳನ್ನು ಇಂತಿಷ್ಟೇ ತೂಕದಲ್ಲಿ ತುಂಬಬೇಕೆಂಬ ಪಟ್ಟಿಯೊಂದು ನಿಯಮದಲ್ಲಿತ್ತು. 2021ರ ನವೆಂಬರಿನಲ್ಲಿ ಪ್ರಕಟವಾದ ತಿದ್ದುಪಡಿಯು ಆ ಪಟ್ಟಿಯನ್ನು ತೆಗೆದುಹಾಕಿ, ಅದಕ್ಕೆ ಬದಲಾಗಿ ಬಿಡಿಬೆಲೆಯನ್ನು, ಎಂದರೆ ಗ್ರಾಂಗೆ ಅಥವಾ ಕಿಲೋಗೆ, ಮಿಲಿಲೀಟರಿಗೆ ಅಥವಾ ಲೀಟರಿಗೆ ಎಷ್ಟು ಬೀಳುತ್ತದೆಂಬುದನ್ನು ಅಚ್ಚು ಹಾಕಬೇಕೆಂದು ವಿಧಿಸಿತು. ನನ್ನ ಅಭಿಪ್ರಾಯದಲ್ಲಿ ಈಚೆಗೆ ಬಂದ ನಿಯಮಗಳಲ್ಲಿ ಜನಸಾಮಾನ್ಯರಿಗೆ ಅತ್ಯಂತ ಉಪಯುಕ್ತವಾದುದು ಇದೇ. ದೋಷವೊಂದಿದೆ: ಕಿಲೋಗಿಂತ ಕಡಮೆಯ ಪೊಟ್ಟಣದಲ್ಲಿ ಗ್ರಾಂನ ಬೆಲೆ ಬರೆದಿರುವುದರಿಂದ ‘0.13’, ‘0.10’ ಎಂಬಂತಹ ಅಂಕಿಗಳು ಕಣ್ಣಿಗೆ ಒಂದೇ ತೆರನಾಗಿ ಕಾಣುತ್ತವೆ. ಸಾವಿರದಿಂದ ಗುಣಿಸಿದರೆ 130, 100 ಎಂದಾಗಿ ಭೇದ ಬಯಲಿಗೆ ಬರುತ್ತದೆ. ಐದನೆಯ ತರಗತಿಯ ಮಗುವೂ ಮಾಡಬಲ್ಲ ಲೆಕ್ಕವಿದು. ದೊಡ್ಡದು ಯಾವಾಗಲೂ ಅಗ್ಗವೆಂದೂ ನಂಬಬೇಡಿರಿ; ಶಾಂಪೂವಿನಲ್ಲಿ ಎಷ್ಟೋ ವೇಳೆ ಚಿಕ್ಕ ಪೊಟ್ಟಣವೇ ಸೀಸೆಗಿಂತ ಅಗ್ಗವಾಗಿರುತ್ತದೆ.

ತಿನ್ನುವ ವಸ್ತುಗಳಿಗೆ 2006ರ ಆಹಾರ ಸುರಕ್ಷತೆಯ ಕಾಯಿದೆಯೂ ಅನ್ವಯಿಸುತ್ತದೆ. ಹದಿನಾಲ್ಕು ಅಂಕಿಗಳ ಪರವಾನಿಗೆ ಸಂಖ್ಯೆ, ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ಬೊಟ್ಟು, ಮಾಂಸಾಹಾರಕ್ಕೆ ಕಂದು ಚೌಕದೊಳಗೆ ಕಂದು ತ್ರಿಕೋನ ಇವು ಅದರ ಗುರುತುಗಳು. ಇವೆಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದುದು ಒಳಗಿನ ಪದಾರ್ಥಗಳ ಪಟ್ಟಿ. ತೂಕದಲ್ಲಿ ಹೆಚ್ಚು ಇರುವುದು ಮೊದಲು, ಕಡಮೆ ಇರುವುದು ಅನಂತರ ಎಂಬ ಕ್ರಮದಲ್ಲಿಯೇ ಅದನ್ನು ಬರೆಯಬೇಕು. ಮುಂಬದಿಯಲ್ಲಿ ಮಾವಿನಹಣ್ಣಿನ ದೊಡ್ಡ ಚಿತ್ರವಿದ್ದು, ಹಿಂಬದಿಯ ಪಟ್ಟಿಯಲ್ಲಿ ನೀರು, ಸಕ್ಕರೆ ಮೊದಲು ಬಂದು ಮಾವು ಆಮೇಲೆ ಬಂದರೆ, ಸೀಸೆಯಲ್ಲಿರುವುದು ಮಾವಿನ ರುಚಿಯ ಸಕ್ಕರೆನೀರು. ಮಗುವಿಗೆ ಶಕ್ತಿ ಬರುತ್ತದೆಂದು ತಂದೆತಾಯಿಗಳು ಕಷ್ಟಪಟ್ಟು ಕೊಳ್ಳುವ ಹಾಲಿನ ಪುಡಿಗಳ ಡಬ್ಬಗಳಲ್ಲಿಯೂ ಸಕ್ಕರೆ ಎಷ್ಟನೆಯ ಸ್ಥಾನದಲ್ಲಿದೆಯೆಂದು ಒಮ್ಮೆ ನೋಡಿರಿ. ತಾರೀಖಿನಲ್ಲಿಯೂ ಎರಡು ಬಗೆಯುಂಟು. ‘ಬೆಸ್ಟ್ ಬಿಫೋರ್’ ಎಂದರೆ ಅಷ್ಟರೊಳಗೆ ರುಚಿ ಹದವಾಗಿರುತ್ತದೆಂಬ ಮಾತು. ‘ಯೂಸ್ ಬೈ’ ಅಥವಾ ‘ಎಕ್ಸ್‌ಪೈರಿ’ ಎಂದರೆ ಆ ದಿನದ ಮೇಲೆ ಉಪಯೋಗಿಸಲೇಬಾರದೆಂಬ ಮಾತು.

ಔಷಧದ ಅಂಗಡಿಯಲ್ಲಿ ಹತ್ತು ಗುಳಿಗೆಯ ಪಟ್ಟಿಯಿಂದ ನಾಲ್ಕನ್ನು ಕತ್ತರಿಸಿ ಕೊಡುವಾಗ ತಾರೀಖು ಇರುವ ತುಂಡು ಹೆಚ್ಚಾಗಿ ಅಂಗಡಿಯಲ್ಲಿಯೇ ಉಳಿಯುತ್ತದೆ. ಕತ್ತರಿಸುವ ಮುನ್ನ ಕೇಳಿ ಓದಿಕೊಳ್ಳಬೇಕು. ಬಿಲ್ಲಿನಲ್ಲಿ ಅದನ್ನು ಬರೆಯಿಸಿಕೊಂಡರೆ ಇನ್ನೂ ಒಳ್ಳೆಯದು. ಪಟ್ಟಿಯ ಬದಿಯಲ್ಲಿ ಕೆಂಪು ಗೆರೆಯಿದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಕೊಳ್ಳಕೂಡದ ಔಷಧ.

ಬರಹಕ್ಕೂ ವಸ್ತುವಿಗೂ ಹೊಂದದಿದ್ದರೆ ಏನು ಮಾಡುವುದು? ಪೊಟ್ಟಣವನ್ನೂ ಬಿಲ್ಲನ್ನೂ ಬಿಸಾಡಬಾರದು. ಮೊದಲು ಅಂಗಡಿಯವರೊಡನೆ ಮಾತನಾಡಬೇಕು. ಎಷ್ಟೋ ವೇಳೆ ತಪ್ಪು ಅವರದಾಗಿರುವುದಿಲ್ಲ. ಅಲ್ಲಿ ಪರಿಹಾರ ಸಿಗದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯುಂಟು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿಯ ವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಮಂಗಳೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಕೊಂಡ ವಸ್ತುವಿಗೆ ಅಲ್ಲಿಯ ತನಕ ಅಲೆಯಬೇಕಾಗಿಲ್ಲವೆಂಬುದು ಗಡಿಯಾಚೆ ಇರುವ ನಮಗೆ ಸಣ್ಣ ಅನುಕೂಲವಲ್ಲ.

ಇಷ್ಟೆಲ್ಲ ಬರೆದಿರುವುದು ಯಾವ ಭಾಷೆಯಲ್ಲಿ? ದೇವನಾಗರಿ ಲಿಪಿಯ ಹಿಂದಿ ಅಥವಾ ಇಂಗ್ಲಿಷ್, ಇವೆರಡರಲ್ಲಿ ಒಂದು ಇದ್ದರೆ ನಿಯಮಕ್ಕೆ ಸಾಕು. ಬೇರೆ ಭಾಷೆಯನ್ನು ಜೊತೆಗೆ ಸೇರಿಸಲು ಅಡ್ಡಿಯಿಲ್ಲವೆಂದಿದೆ, ಸೇರಿಸಲೇಬೇಕೆಂದಿಲ್ಲ. ಹೀಗಾಗಿ ಕನ್ನಡ ಮಾತ್ರ ಓದಬಲ್ಲ ತಾಯಿಗೆ, ಬೆಂಗಳೂರಿನಲ್ಲಿದ್ದರೂ, ಆ ಬರಹ ಮೂಕ. ಗಡಿನಾಡಿನಲ್ಲಿ ತೊಡಕು ಇಮ್ಮಡಿಯಾಗುತ್ತದೆ: ಅಂಗಡಿಯ ಹಲಗೆ ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ, ಪೊಟ್ಟಣ ಇಂಗ್ಲಿಷಿನಲ್ಲಿ, ಮನೆಯ ಮಾತು ಕನ್ನಡದಲ್ಲಿ. ಈ ಮೂರನ್ನೂ ಓದಬಲ್ಲವರು ಮನೆಯಲ್ಲಿ ಬಹುಶಃ ಒಬ್ಬರೇ. ಅವರು ಶಾಲೆಗೆ ಹೋಗುವ ಮಕ್ಕಳು. ಕನ್ನಡ ಶಾಲೆಯ ಮಕ್ಕಳಿಗೆ ಲೋಕಜ್ಞಾನ ಕಡಮೆಯೆಂದು ಹೇಳುವವರು ಮೂರು ಲಿಪಿಗಳ ಈ ಸಾಮರ್ಥ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಫೋನು ಅನುವಾದ ಮಾಡಿ ಕೊಡುವುದಿಲ್ಲವೇ ಎಂದು ಕೇಳಬಹುದು. ಕೊಡುತ್ತದೆ. ಬರಹದ ಎದುರು ಫೋನಿನ ಕ್ಯಾಮೆರಾ ಹಿಡಿದರೆ ಇಂಗ್ಲಿಷು ಕನ್ನಡವಾಗುವ ಸೌಕರ್ಯ ಇಂದು ಕೈಗೆಟುಕುವಂತಿದೆ. ಹಿರಿಯರಿಗೆ ಅದನ್ನು ತೋರಿಸಿಕೊಡುವುದು ಪುಣ್ಯದ ಕೆಲಸ. ಆದರೆ ವಾಕ್ಯಗಳ ಸಾರವನ್ನು ಫೋನಿನಿಂದ ತಿಳಿದರೂ ಅಂಕಿಗಳನ್ನು ಮಾತ್ರ ಸ್ವಂತ ಕಣ್ಣಿನಿಂದ ಪೊಟ್ಟಣದ ಮೇಲೆಯೇ ಓದಿರಿ. ‘0.5 ಮಿಲಿಲೀಟರ್’ ಎಂಬಲ್ಲಿ ಸುಕ್ಕುಗಟ್ಟಿದ ಕಾಗದದಿಂದಾಗಿ ಬೊಟ್ಟೊಂದು ಕಾಣದೆ ಹೋದರೆ ಪ್ರಮಾಣ ಹತ್ತು ಪಟ್ಟಾಯಿತು. ಈಗ ಪೊಟ್ಟಣದ ಮೇಲೆ ಕಪ್ಪು ಬಿಳುಪಿನ ಕ್ಯೂಆರ್ ಚೌಕಗಳೂ ಬಂದಿವೆ. 2023ರ ಆಗಸ್ಟ್ 1ರಿಂದ ಹೆಚ್ಚು ಬಳಕೆಯಲ್ಲಿರುವ 300 ಔಷಧಗಳ ಮೇಲೆ ಅದು ಕಡ್ಡಾಯವಾಗಿದೆ; ಫೋನಿನಿಂದ ನೋಡಿದರೆ ತಯಾರಕ, ತಂಡದ ಸಂಖ್ಯೆ, ಅವಧಿ ಎಲ್ಲವೂ ತಿಳಿಯುತ್ತವೆ. ನಕಲಿ ಔಷಧವನ್ನು ತಡೆಯಲು ಇದು ಒಳ್ಳೆಯ ಉಪಾಯ. ಆದರೆ ಅಚ್ಚಿನ ಬರಹವನ್ನು ತೆಗೆದು ಎಲ್ಲವನ್ನೂ ಆ ಚೌಕದೊಳಗೆ ಅಡಗಿಸುವ ದಿನ ಬಂದರೆ, ಫೋನಿಲ್ಲದವನು ಇದ್ದ ಸಣ್ಣ ಅಕ್ಷರವನ್ನೂ ಕಳೆದುಕೊಂಡಾನು. ಅದೇ ಚೌಕದೊಳಗೆ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ವಿವರ ಕೊಡುವುದಕ್ಕೆ ಯಂತ್ರಕ್ಕೆ ಯಾವ ಕಷ್ಟವೂ ಇಲ್ಲ. ಕೊಡಬೇಕೆಂದು ನಾವು ಕೇಳಬೇಕಷ್ಟೆ.

ಒಂದು ವಸ್ತುವಿಗೆ ಕಾಯಿದೆಯು ಪ್ರಾದೇಶಿಕ ಭಾಷೆಯನ್ನು ಕಡ್ಡಾಯ ಮಾಡಿದೆ. ಅದು ಬೆಳೆಗೆ ಸಿಂಪಡಿಸುವ ವಿಷ. ನಾವು ಅದನ್ನು ಮದ್ದು ಎನ್ನುತ್ತೇವೆ, ಔಷಧಿ ಎನ್ನುತ್ತೇವೆ, ಕೆಲವೆಡೆ ಎಣ್ಣೆ ಎನ್ನುತ್ತೇವೆ. ಹೆಸರೇ ಅಪಾಯವನ್ನು ಮರೆಸುತ್ತದೆ. 1958ರಲ್ಲಿ ಕೇರಳದಲ್ಲಿ, ಒಂದೇ ಹಡಗಿನಲ್ಲಿ ಸಾಗಿಸಿದ್ದ ಪ್ಯಾರಾಥಯಾನ್ ಎಂಬ ಕೀಟನಾಶಕ ಸೋರಿ ಬೆರೆತಿದ್ದ ಗೋಧಿಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಆ ದುರಂತದ ಫಲವಾಗಿ ನಡೆದ ವಿಚಾರಣೆಯ ಹಿನ್ನೆಲೆಯಲ್ಲಿ 1968ರ ಕೀಟನಾಶಕಗಳ ಕಾಯಿದೆಯೂ 1971ರ ನಿಯಮಗಳೂ ಬಂದವು. ಡಬ್ಬದ ಮೇಲಿನ ಬರಹವೂ ಒಳಗಿನ ಮಡಿಕೆಯ ಹಾಳೆಯೂ ಹಿಂದಿ, ಇಂಗ್ಲಿಷ್ ಮತ್ತು ಮಾರಾಟವಾಗುವ ಪ್ರದೇಶದಲ್ಲಿ ಬಳಕೆಯಲ್ಲಿರುವ ಒಂದೆರಡು ಭಾಷೆಗಳಲ್ಲಿ ಇರಬೇಕೆಂದು ಆ ನಿಯಮ ಹೇಳುತ್ತದೆ. ರಾಜ್ಯದ ಭಾಷೆಯೆಂದು ಅಲ್ಲ, ಪ್ರದೇಶದಲ್ಲಿ ಬಳಕೆಯಲ್ಲಿರುವ ಭಾಷೆಯೆಂದು. ತಾಳವಾಡಿಯಲ್ಲಿಯೂ ಜತ್ತದಲ್ಲಿಯೂ ಮಂಜೇಶ್ವರದಲ್ಲಿಯೂ ಕನ್ನಡವು ಅಂತಹ ಭಾಷೆಯೇ. ಕನ್ನಡದ ಹಾಳೆಯನ್ನು ವಿತರಕರಿಂದ ಕೇಳುವುದಕ್ಕೆ ನಮ್ಮ ರೈತರು ಸಂಕೋಚಪಡಬೇಕಾಗಿಲ್ಲ.

ಓದು ಬಾರದವನಿಗಾಗಿಯೇ ಆ ಡಬ್ಬದ ಮೇಲೆ ಒಂದು ಚಿತ್ರವಿದೆ: ಮೂಲೆಯ ಮೇಲೆ ನಿಂತ ಚೌಕ, ಅದರಲ್ಲಿ ಎರಡು ತ್ರಿಕೋನ. ಕೆಳಗಿನದು ಕೆಂಪಾದರೆ ಅತ್ಯುಗ್ರ ವಿಷ, ಮೇಲೆ ತಲೆಬುರುಡೆಯೂ ಇರುತ್ತದೆ. ಹಳದಿಯಾದರೆ ಉಗ್ರ, ನೀಲಿಯಾದರೆ ಮಧ್ಯಮ, ಹಸಿರಾದರೆ ಅಲ್ಪ. ಹಸಿರು ಕಂಡೊಡನೆ ‘ಸಸ್ಯಾಹಾರದ ಗುರುತು, ನಿರಪಾಯ’ ಎಂದು ತಿಳಿಯುವ ಸಂಭವವಿದೆ. ಇಲ್ಲಿ ಹಸಿರೂ ವಿಷವೇ.

ಕಾಸರಗೋಡಿನವರಿಗೆ ಈ ವಿಷಯವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಎಣ್ಮಕಜೆಯ ಪಡ್ರೆ ಮೊದಲಾದ ಊರುಗಳ ಗುಡ್ಡಗಳಲ್ಲಿರುವ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕೆಳಗಿನ ಮನೆಗಳವರು ಆ ಡಬ್ಬವನ್ನು ಕೊಂಡವರಲ್ಲ. ಅದರ ಬರಹವನ್ನು ಓದುವ ಅವಕಾಶವೇ ಅವರಿಗಿರಲಿಲ್ಲ. ಅಲ್ಲಿಯ ವೈದ್ಯರಾದ ಡಾ. ವೈ. ಎಸ್. ಮೋಹನಕುಮಾರರೂ ಪತ್ರಕರ್ತರಾದ ಶ್ರೀಪಡ್ರೆಯವರೂ ರೋಗಗಳ ಕಡೆಗೆ ಲೋಕದ ಗಮನ ಸೆಳೆದರು. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. 2017ರ ಜನವರಿಯಲ್ಲಿ ಪೀಡಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು.

ತೋಟವಿರುವ ಮನೆಗಳ ಮಕ್ಕಳು ಈ ರಜೆಯಲ್ಲಿ ಕೊಟ್ಟಿಗೆಯ ಅಟ್ಟದಲ್ಲಿರುವ ಡಬ್ಬಗಳನ್ನು, ಮುಟ್ಟದೆ, ಹಿರಿಯರೊಬ್ಬರ ಜೊತೆಗೆ ನಿಂತು ನೋಡಲಿ. ತ್ರಿಕೋನದ ಬಣ್ಣ ಯಾವುದು, ಅವಧಿ ಮುಗಿದಿದೆಯೇ, ವಿಷವೇರಿದರೆ ಮಾಡಬೇಕಾದ ಪ್ರಥಮ ಚಿಕಿತ್ಸೆಯನ್ನೂ ಪ್ರತಿವಿಷವನ್ನೂ ಎಲ್ಲಿ ಬರೆದಿದೆ ಎಂಬುದನ್ನು ಗಟ್ಟಿಯಾಗಿ ಓದಿ ಮನೆಯವರಿಗೆ ಕನ್ನಡದಲ್ಲಿ ಹೇಳಲಿ. ಉಳಿದ ವಿಷವನ್ನು ಪಾನೀಯದ ಖಾಲಿ ಸೀಸೆಗೆ ಸುರಿದಿಟ್ಟಿರುವುದು ಕಂಡರೆ ಹಿರಿಯರಿಗೆ ಆ ಕ್ಷಣವೇ ತಿಳಿಸಬೇಕು. ದುರದೃಷ್ಟವಶಾತ್ ಯಾರಿಗಾದರೂ ವಿಷ ತಗುಲಿದರೆ ರೋಗಿಯ ಜೊತೆಗೆ ಆ ಡಬ್ಬವನ್ನೂ ಹಾಳೆಯನ್ನೂ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರು ಮೊದಲು ಕೇಳುವುದು ಅದರ ಹೆಸರನ್ನೇ.